ಕುಲುಮೆಗೆ ಒಂದು ತುತ್ತು ಕಸ

ಎಲ್ಲಕ್ಕೂ ಮೂಲ ಒಂದು ಹರಿದ ಚಪ್ಪಲಿ. ಅದನ್ನು ಎತ್ತಿ ಹಿಡಿದು, ‘ಇದರೊಳಗೆ ಒಂದು ಮಗು ಓದಿಕೊಳ್ಳುವಷ್ಟು ಬೆಳಕು ಮಲಗಿದೆ’ ಎಂದು ಮೇಷ್ಟ್ರು ವರ್ಷವಿಡೀ ಬೀದಿಬೀದಿಯಲ್ಲಿ ಹೇಳಿದ್ದರು. ಅವರು ಶಾಲೆಯ ಮೇಷ್ಟ್ರಲ್ಲ. ಊರಂಚಿನಲ್ಲಿ ಕಸದಿಂದ ವಿದ್ಯುತ್ತು ತೆಗೆಯುವ ಪ್ಲಾಸ್ಮಾ ಸ್ಥಾವರದ ಪ್ರಚಾರಕರು. ಕಸದ ಮೇಷ್ಟ್ರು ಎಂಬುದು ಜನರಿಟ್ಟ ಹೆಸರು. ಅಲ್ಲಿನ ಕುಲುಮೆಯ ಮಿಂಚಿನಂಥ ಕಾವಿನಲ್ಲಿ ಕಸ ಸುಡುವುದಿಲ್ಲ, ಬಿಡಿಬಿಡಿಯಾಗಿ ಕಳಚಿ ಅನಿಲವಾಗುತ್ತದೆ, ಅನಿಲದಿಂದ ವಿದ್ಯುತ್ತು, ಅನಿಲವಾಗಲೊಲ್ಲದ ಮಣ್ಣು, ಗಾಜುಗಳು ಕರಗಿ, ಆರಿ, ಕಪ್ಪು ಗಾಜುಗಲ್ಲಾಗುತ್ತವೆ. ಅವರ ಬಾಯಲ್ಲಿ ಇದನ್ನು ಕೇಳಿದವರಿಗೆ ತಮ್ಮ ತಿಪ್ಪೆಯ ಮೇಲೂ ಗೌರವ ಹುಟ್ಟುತ್ತಿತ್ತು.

ಗೌರವ ಹೆಚ್ಚಾದದ್ದೇ ತೊಂದರೆ. ಮೂರು ದಿನಗಳಿಂದ ಯಾರೂ ಕಸ ಕೊಡದೆ ಲಾರಿಗಳು ಬರಿದಾಗಿ ಹಿಂದಿರುಗುತ್ತಿದ್ದವು. ಆ ಬೆಳಿಗ್ಗೆ ಮ್ಯಾನೇಜರು ಮೇಷ್ಟ್ರನ್ನು ಕರೆದು, ಮಧ್ಯಾಹ್ನದವರೆಗೆ ಮಾತ್ರ ಕಸವಿದೆಯೆಂದೂ, ಕುಲುಮೆ ತಣಿದರೆ ಒಳಗಿನ ಇಟ್ಟಿಗೆ ಬಿರಿಯುತ್ತದೆಂದೂ ತಿಳಿಸಿದರು. ಸಂಜೆ ಸ್ಥಾವರವನ್ನು ಪರಿಶೀಲಿಸುವ ಸಮಿತಿ ಬರುವುದಿತ್ತು. ಮೇಷ್ಟ್ರ ಗುತ್ತಿಗೆ ಮುಗಿಯುವುದೂ ಅದೇ ಸಂಜೆ.

“ಅವರು ಬಂದಾಗ ಕುಲುಮೆ ಉರೀತಿರಲಿ ಮೇಷ್ಟ್ರೇ. ನಿಮ್ಮ ಕೆಲಸ ಮುಂದುವರಿಸೋಕೆ ನಾನೇ ಮಾತಾಡ್ತೀನಿ.”

ಮೇಷ್ಟ್ರು ಲಾರಿಯೇರಿ ತಮ್ಮ ಬೀದಿಗೇ ಹೋದರು. ಮೂಲೆಮನೆಯ ಅಜ್ಜಿ ಕಾವಿಗೆ ಕೂತ ಕೋಳಿಯಂತೆ ಕಸದ ಬುಟ್ಟಿಯ ಮೇಲೆ ಕೂತಿದ್ದಳು.

“ಇದರಲ್ಲಿ ಬೆಳಕಿದೆ ಅಂದೋನು ನೀನೇ ಅಲ್ವೇನಪ್ಪಾ? ಕೈಯಾರೆ ಎಸೀಲಾ?”

ದರ್ಜಿ ಬಟ್ಟೆಚೂರಿನ ಮೂಟೆಗೆ ಬೀಗ ಹಾಕಿದ್ದ. ಆ ಬೆಳಕು ಕುಲುಮೆಯಲ್ಲಲ್ಲದೆ ಬೇರೆಲ್ಲೂ ಹೊರಬರುವುದಿಲ್ಲವೆಂದು ಮೇಷ್ಟ್ರು ವಿವರಿಸಿದರು. ದರ್ಜಿ ಸಾವಧಾನವಾಗಿ ಕೇಳಿಸಿಕೊಂಡ.

“ಅದನ್ನ ಮೊದಲೇ ಹೇಳ್ಬೇಕಿತ್ತು. ಈಗ ಹೇಳಿದ್ರೆ, ನಿಮಗೇ ಇದರ ಮೇಲೆ ಕಣ್ಣು ಬಿದ್ದಿದೆ ಅನ್ಸುತ್ತೆ.”

ಹನ್ನೊಂದು ಮನೆ ಕಳೆದವು. ಲಾರಿಯಲ್ಲಿ ಮೇಷ್ಟ್ರ ನಿಟ್ಟುಸಿರಲ್ಲದೆ ಬೇರೇನೂ ತುಂಬಲಿಲ್ಲ. ಕೊನೆಗೆ ಉಳಿದದ್ದು ಅವರದೇ ಮನೆ.

ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಗೊಣಗುತ್ತಲೇ ಹೆಂಡತಿ ಕೋಣೆಯ ಬಾಗಿಲು ತೆರೆದಳು. ಕಾಲು ಮುರಿದ ಕುರ್ಚಿ ಹೊರಬಂತು, ಗಂಟುಗಟ್ಟಿದ ಹಾಸಿಗೆ ಬಂತು, ಸೀಳುಬಿಟ್ಟ ಹೂಕುಂಡಗಳು ಬಂದವು. ಆದರೂ ಸಾಲದು. ಗೋಡೆಗೊರಗಿ ಕರಪತ್ರಗಳ ಕಟ್ಟುಗಳು ನಿಂತಿದ್ದವು. ಕಚೇರಿಯಲ್ಲಿ ಜಾಗವಿಲ್ಲವೆಂದು, ಹಂಚಿ ಉಳಿದ ಪ್ರತಿಯೊಂದೂ ಇಲ್ಲಿಗೇ ಬಂದಿತ್ತು. ‘ಕಸವೆಂಬುದಿಲ್ಲ’ ಎಂಬ ಶೀರ್ಷಿಕೆಗಾಗಿಯೇ ಮೇಷ್ಟ್ರು ನಾಲ್ಕು ರಾತ್ರಿ ನಿದ್ದೆಗೆಟ್ಟಿದ್ದರು.

“ಕೊಟ್ಟುಬಿಡಿ. ಊರಿಗೆಲ್ಲ ಬಾಯಿಪಾಠ ಆಗಿದೆ. ಇನ್ನು ಯಾರು ಓದ್ಬೇಕು?” ಎಂದಳು ಹೆಂಡತಿ. ಆ ದನಿಯಲ್ಲಿ ಅಣಕವಿರಲಿಲ್ಲ.

ಮೇಷ್ಟ್ರು ಒಂದನ್ನು ತೆಗೆದು ಕೊನೆಯ ಸಾಲಿನವರೆಗೂ ಓದಿ, ಮಡಿಸಿ, ಕಟ್ಟಿನೊಳಗೇ ಸೇರಿಸಿದರು.

ಕುಲುಮೆ ಆರಲಿಲ್ಲ. ಕರಪತ್ರಗಳು ಅನಿಲವಾಗಿ ಸಂಜೆಯವರೆಗೂ ಎಂಜಿನ್ನನ್ನು ಓಡಿಸಿದವು. ಹೂಕುಂಡಗಳು ಕರಗಿ ಹರಿದದ್ದರಲ್ಲಿ ಒಂದು ಮುಷ್ಟಿಗಾತ್ರದ ಗಾಜುಗಲ್ಲನ್ನು ಕುಲುಮೆಯಾತ ನೀರಲ್ಲದ್ದಿ ಮೇಷ್ಟ್ರ ಕೈಗಿತ್ತ.

ಸಮಿತಿ ಬಂತು. ಅಧ್ಯಕ್ಷರು ಕಿಂಡಿಯಲ್ಲಿ ಇಣುಕಿ ತಲೆದೂಗಿದರು. ಅನಂತರ ಮೇಷ್ಟ್ರ ಫೈಲು ಬಿಡಿಸಿ, ಗುತ್ತಿಗೆ ಮುಂದುವರಿಯಬೇಕಾದರೆ ವರ್ಷದ ಕೆಲಸಕ್ಕೆ ಸಾಕ್ಷಿಯಾಗಿ ಒಂದು ಕರಪತ್ರ ಲಗತ್ತಿಸಬೇಕೆಂದರು. ಮೇಷ್ಟ್ರು ಕಲ್ಲನ್ನು ಮೇಜಿನ ಮೇಲಿಟ್ಟು ನಡೆದದ್ದನ್ನು ಅರುಹಿದರು. ಕುಲುಮೆ ಉರಿಯುತ್ತಿರುವುದೇ ಇವರಿಂದ ಎಂದು ಮ್ಯಾನೇಜರು ಮಾತು ಉಳಿಸಿಕೊಂಡರು.

ಅಧ್ಯಕ್ಷರು ಕಲ್ಲನ್ನು ದೀಪಕ್ಕೆ ಹಿಡಿದು ಬಹಳ ಹೊತ್ತು ನೋಡಿದರು.

“ತುಂಬ ಚೆನ್ನಾಗಿದೆ. ಆದ್ರೆ ಇದನ್ನ ಫೈಲಿಗೆ ಹೇಗೆ ಪೋಣಿಸೋದು?”

ಕೊನೆಯ ಆಸೆಯಿಂದ ಮೇಷ್ಟ್ರು ಹೆಂಡತಿಗೆ ಫೋನು ಮಾಡಿ, ಮೂಲೆಮನೆಯ ಅಜ್ಜಿಗೆ ಕೊಟ್ಟಿದ್ದ ಪ್ರತಿಯನ್ನಾದರೂ ಇಸಿದುಕೊಳ್ಳಲು ಹೇಳಿದರು. ಸ್ವಲ್ಪ ಹೊತ್ತಿಗೆ ಉತ್ತರ ಬಂತು.

“ಕೊಡಲ್ವಂತೆ ಕಣ್ರೀ. ಅದರಲ್ಲೂ ಬೆಳಕಿದೆಯಂತೆ.”

ಅಧ್ಯಕ್ಷರು ಮೇಷ್ಟ್ರನ್ನು ಕೆಲಸದಿಂದ ಬಿಡುಗಡೆ ಮಾಡುವ ಆದೇಶಕ್ಕೆ ಸಹಿ ಹಾಕಿದರು. ಫ್ಯಾನಿನ ಗಾಳಿಗೆ ಅದು ಹಾರದಿರಲೆಂದು ಆ ಕಲ್ಲನ್ನೇ ಅದರ ಮೇಲಿಟ್ಟು, ಎರಡನ್ನೂ ಮೇಷ್ಟ್ರತ್ತ ಸರಿಸಿದರು. ಕಲ್ಲು ಇನ್ನೂ ತುಸು ಬೆಚ್ಚಗಿತ್ತು.