ಆರು ಸಾಲು, ಏಳು ತಪ್ಪು

ಕೆಲಸದಿಂದ ತೆಗೆದರೆ ಯಾರಿಗಾದರೂ ಸಿಟ್ಟು ಬರುತ್ತದೆ. ಮಹಾಪ್ರಾಣಪ್ಪನವರಿಗೆ ಸಿಟ್ಟು ಬಂದದ್ದು, ತೆಗೆದ ಪತ್ರದಲ್ಲಿ ಆರು ಸಾಲಿಗೆ ಏಳು ತಪ್ಪು ಇದ್ದದ್ದಕ್ಕೆ.

ಮಹಾಪ್ರಾಣಪ್ಪ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಮೂವತ್ತೊಂದು ವರ್ಷ ಮುದ್ರಣಾಲಯದಲ್ಲಿ ಕರಡು ತಿದ್ದುತ್ತ, ಅಕ್ಷರದ ಹೊಟ್ಟೆ ಸೀಳಲು ಮರೆತವರ ಮೇಲೆಲ್ಲ ಹರಿಹಾಯ್ದು ಗಳಿಸಿದ ಬಿರುದು. ಈ ಪತ್ರದಲ್ಲೋ, ಸೀಳಬಾರದ ಕಡೆಯೂ ಸೀಳಿದ್ದರು. ಮೊದಲ ಮೂರು ಸಾಲಿನಲ್ಲೇ ನಾಲ್ಕು ತಪ್ಪು: "ತಮ್ಮ ಧೀರ್ಘ ಸೇವೆಗೆ ವಂಧನೆಗಳು. ವಯಸಾದ ಕಾರಣ ತಮ್ಮ ಕಣ್ಣಿಗೆ ತಪ್ಪುಗಳು ಕಾಣುತ್ತಿಲ್ಲ. ಆದುದರಿಂದ ನಾಳೆಯಿಂದ ತಮ್ಮನ್ನು ರಜಾಗೊಳಿಸಲಾಗಿದೆ."

ಪಕ್ಕದಲ್ಲಿ ಹಾಳೆ ಹೊಲಿಯುತ್ತಿದ್ದ ಬೈಂಡಿಂಗ್ ಅಕ್ಕ ಇಣುಕಿ ಓದಿ ಹಿಗ್ಗಿದರು.

"ಸಾರ್, ನಿಮ್ಮ ಪುಣ್ಯ! 'ವ' ಹಾಕೋ ಕಡೆ 'ರ' ಹಾಕಿದಾರೆ. ವಜಾ ಅಲ್ಲ, ರಜಾ! ಬಾಯಿ ಮುಚ್ಕೊಂಡು ಮನೆಗೆ ಹೋಗಿ. ರಜದ ಸಂಬಳ ಕೇಳಿದ್ರಾಯ್ತು."

"ತಪ್ಪು ಅಂತ ಗೊತ್ತಿದ್ದೂ ಬಿಡೋದಾ ಅಕ್ಕ?"

"ಇದೊಂದನ್ನ ಬಿಟ್ಬಿಡಿ ಸಾರ್. ನಿಮ್ಮ ಕಾಲಿಗೆ ಬೀಳ್ತೀನಿ."

ಅಷ್ಟರಲ್ಲಿ ಕೆಂಪು ಪೆನ್ನು ಹೊರಗೆ ಬಂದಾಗಿತ್ತು. ನಿವೃತ್ತಿಗೆ ಇನ್ನೂ ಎರಡು ವರ್ಷವಿತ್ತು. ಮಗಳ ಓದು ಮುಗಿಯಲೂ ಅಷ್ಟೇ ಬಾಕಿ. ಕೆಲಸ ಉಳಿಯಲೇಬೇಕು. ತನ್ನ ಕಣ್ಣು ಸರಿಯಿದೆಯೆಂದು ತೋರಿಸಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಎಲ್ಲಿ ಸಿಗಬೇಕು? ಏಳನ್ನೂ ತಿದ್ದಿ ನೇರ ಯಜಮಾನನ ಕೋಣೆಗೆ ನುಗ್ಗಿದರು.

ಯಜಮಾನನಿಗೆ ಮೂವತ್ತೂ ತುಂಬಿರಲಿಲ್ಲ. ಪತ್ರ ನೋಡಿ ಬೆವರಿದ.

"ಅಯ್ಯಯ್ಯೋ, ಇದು ಹೀಗೇ ಹೊರಗೆ ಹೋಗಿದ್ರೆ ನನ್ನ ಮಾನ ಹರಾಜಾಗ್ತಿತ್ತು! ಎಂಥ ಕಣ್ಣು ಸಾರ್ ನಿಮ್ದು! ಕೂತ್ಕೊಳ್ಳಿ, ಟೀ ಕುಡೀರಿ."

ಬದುಕಿದೆಯಾ ಬಡಜೀವವೇ ಎಂದುಕೊಂಡು ಮಹಾಪ್ರಾಣಪ್ಪನವರು ಟೀ ಕುಡಿದರು. ಲೋಟ ಖಾಲಿಯಾಗುವಷ್ಟರಲ್ಲಿ ಹೊಸದಾಗಿ ಟೈಪಾದ ಪತ್ರ ಬಂತು. "ಒಂದ್ಸಲ ನೋಡಿಬಿಡಿ" ಎಂದ ಯಜಮಾನ. ಎರಡು ಸಲ ನೋಡಿದರು. ಒಂದೇ ಒಂದು ತಪ್ಪಿಲ್ಲ! ಕೈ ತನ್ನ ರೂಢಿಯ ಕೆಲಸ ಮುಗಿಸಿ ಪೆನ್ನನ್ನು ಜೇಬಿಗಿಳಿಸಿತು. ಯಜಮಾನ ತಾನೂ ಸಹಿ ಹಾಕಿ, ಒಂದು ಜೆರಾಕ್ಸ್ ಇಟ್ಟುಕೊಂಡು, ಪತ್ರವನ್ನು ಅವರ ಕೈಗೇ ಕೊಟ್ಟ.

"ಹಾಗಾದ್ರೆ ನಾಳೆಯಿಂದ ಬರಬೇಡಿ ಸಾರ್" ಎಂದ, ಬಹಳ ವಿನಯದಿಂದ.

ಬೈಂಡಿಂಗ್ ಅಕ್ಕ ಸುಮ್ಮನಿರುವವರಲ್ಲ. ಅರ್ಧ ದಿನ ರಜ ಹಾಕಿ, ಅವರನ್ನು ಕಾರ್ಮಿಕ ಕಚೇರಿಗೆ ಎಳೆದುಕೊಂಡೇ ಹೋದರು. ಅಲ್ಲಿನ ಅಧಿಕಾರಿಯ ತಲೆಯೂ ಪೂರ್ತಿ ಬೆಳ್ಳಗಿತ್ತು. ಪತ್ರದ ಮೊದಲೆರಡು ಸಾಲು ಓದುತ್ತಲೇ ಅವರು ಕೆಂಡವಾದರು.

"ವಯಸ್ಸಾಯ್ತು ಅಂತ ತೆಗೆಯೋದಾ? ನನಗೂ ಐವತ್ತೆಂಟು! ಬಿಡಲ್ಲ ಇವರನ್ನ. ದೂರು ಬರೀರಿ: ಈ ಪತ್ರದಲ್ಲಿರೋದು ಯಾವುದೂ ಸರಿಯಿಲ್ಲ ಅಂತ."

ಮಹಾಪ್ರಾಣಪ್ಪನವರು ಮುತ್ತು ಪೋಣಿಸಿದ ಹಾಗೆ ಬರೆದುಕೊಟ್ಟರು. ಬೆಳಗಿನಿಂದ ಮೊದಲ ಸಲ ಅವರ ಎದೆ ಹಗುರಾಯಿತು. ಅಧಿಕಾರಿ ದೂರಿನ ಜೊತೆ ಪತ್ರವನ್ನು ಸೇರಿಸಿ ಪಿನ್ನು ಚುಚ್ಚಲು ಹೋದವರು ಅಲ್ಲೇ ನಿಂತರು.

"ಕೆಳಗೆ ಕೆಂಪು ಶಾಯೀಲಿ ಸಹಿ ಯಾರದು?"

"ನನ್ನದೇ."

"ಅದರ ಮೇಲೆ ಬರೆದದ್ದು?"

ಅಕ್ಕ ಬಗ್ಗಿ ಓದಿದರು: "ಪೂರ್ತಿ ಓದಿದ್ದೇನೆ. ಎಲ್ಲ ಸರಿಯಿದೆ." ಓದಿ ಹಣೆ ಚಚ್ಚಿಕೊಂಡರು.

"ಅದು ಅಕ್ಷರಕ್ಕೆ ಹೇಳಿದ್ದು ಸ್ವಾಮಿ" ಎಂದರು ಮಹಾಪ್ರಾಣಪ್ಪ, ಕೇಳಿಯೂ ಕೇಳದಂಥ ದನಿಯಲ್ಲಿ.

ಅಧಿಕಾರಿ ದೂರನ್ನು ಮೆಲ್ಲಗೆ ಅವರ ಕಡೆಗೇ ಸರಿಸಿದರು. "ಕಾನೂನು ನೋಡೋದೂ ಅಕ್ಷರವನ್ನೇ ಸಾರ್."