ದಬ್ಬಳ ಮತ್ತು ಶಿಲಾಬಾಲಿಕೆ

ಕೋಮಲವಲ್ಲಿ ಸಾರಿಗೆ ಒಗ್ಗರಣೆ ಹಾಕುತ್ತಿದ್ದಾಗ ಪಕ್ಕದ ಮನೆಯ ಪಾರ್ಥಸಾರಥಿ ಮೇಷ್ಟ್ರು ಇಕ್ಕಳದಲ್ಲಿ ದಬ್ಬಳ ಹಿಡಿದು ನೇರ ಅಡುಗೆಮನೆಗೇ ಬಂದರು.

"ಸ್ವಲ್ಪ ಉರಿ ಕೊಡಮ್ಮ. ಕಾದ ದಬ್ಬಳ ಚುಚ್ಚಿದ್ರೆ ಪ್ಲಾಸ್ಟಿಕ್ ಕರಗುತ್ತೆ, ಕಲ್ಲು ಕರಗಲ್ಲ. ಈ ಬೀದೀಲಿ ಅಸಲಿ ಯಾವ್ದು, ನಕಲಿ ಯಾವ್ದು, ಇವತ್ತು ಗೊತ್ತಾಗ್ಬೇಕು."

ನಿವೃತ್ತರಾದ ಮೇಲೆ ಪಾಠ ಕೇಳುವವರಿಲ್ಲದೆ ವಿಜ್ಞಾನದ ಮೇಷ್ಟ್ರಿಗೆ ಹೀಗಾಗಿತ್ತು. ಎದುರುಮನೆ ಹನುಮಮ್ಮನ ಹವಳದ ಸರ ಆಗಲೇ ಕರಗಿ, ಆಕೆ ಬೈಯುವುದು ಇಲ್ಲಿಗೂ ಕೇಳಿಸುತ್ತಿತ್ತು.

"ನಮ್ಮನೇಲಿ ನಕಲಿ ಅನ್ನೋದೇ ಇಲ್ಲ ಮೇಷ್ಟ್ರೇ," ಎಂದು ಅತ್ತೆ ನಡುಮನೆಯಿಂದ ಎದ್ದು ಬಂದರು. "ಇಗೋ, ನನ್ನ ಮದುವೇಲಿ ಕೊಟ್ಟ ದಂತದ ಬಾಚಣಿಗೆ."

ದಬ್ಬಳ ಬೆಣ್ಣೆಗೆ ಇಳಿದಂತೆ ಇಳಿಯಿತು.

"ಪ್ಲಾಸ್ಟಿಕ್!" ಎಂದರು ಮೇಷ್ಟ್ರು, ಗಂಡುಮಗು ಎಂದು ಸಾರುವ ಸೂಲಗಿತ್ತಿಯ ಖುಷಿಯಲ್ಲಿ.

ಅತ್ತೆಯ ಮುಖ ಕಪ್ಪಿಟ್ಟಿತು. "ಅದು ತವರಿನದು, ಬಿಡಿ. ನಮ್ಮ ಯಜಮಾನರದ್ದು ನೋಡಿ!" ಎಂದು ಟಿ.ವಿ. ಪಕ್ಕದ ಗೇಣುದ್ದದ ಶಿಲಾಬಾಲಿಕೆಯನ್ನು ತೋರಿಸಿದರು. ಮಾವ ನಿವೃತ್ತರಾದಾಗ ಬೇಲೂರಿನ ಶಿಲ್ಪಿಯೊಬ್ಬರು ಕೆತ್ತಿ ಕೊಟ್ಟದ್ದು. ಮಾವ ಹೋದ ಮೇಲೆ ಅತ್ತೆ ಬೆಳಗೆದ್ದು ಮೊದಲು ನೋಡುತ್ತಿದ್ದುದು ಅದರ ಮುಖವನ್ನೇ.

ಕೋಮಲವಲ್ಲಿ ಸೌಟು ಕೆಳಗಿಟ್ಟಳು. ಎಂಟು ವರ್ಷದ ಹಿಂದೆ ಧೂಳು ಒರೆಸುವಾಗ ಆ ಬಾಲಿಕೆ ಅವಳ ಕೈಜಾರಿ ಮೂರು ತುಂಡಾಗಿತ್ತು. ಹಳೇಬೀಡಿನ ದೇವಸ್ಥಾನದ ಎದುರಿನ ಅಂಗಡಿಯಿಂದ ಅಂಥದ್ದೇ ಪ್ಲಾಸ್ಟಿಕ್ಕಿನದೊಂದನ್ನು ತಂದು, ಕಪ್ಪು ಪಾಲಿಶ್ ಹಚ್ಚಿ ಇಟ್ಟಿದ್ದಳು. ಯಾರಿಗೂ ಹೇಳಿರಲಿಲ್ಲ. ಅಂದಿನಿಂದ ಅದನ್ನು ಎತ್ತದೆಯೇ ಧೂಳು ಒರೆಸುತ್ತಿದ್ದಳು.

ತಟ್ಟನೆ ಒಲೆ ಆರಿಸಿದಳು. "ಗ್ಯಾಸ್ ಮುಗೀತು ಮೇಷ್ಟ್ರೇ."

ಮೇಷ್ಟ್ರು ಜೇಬಿನಿಂದ ಮೇಣದ ಬತ್ತಿ ತೆಗೆದರು.

"ಈಗ ರಾಹುಕಾಲ ಅತ್ತೆ!"

"ವಿಜ್ಞಾನಕ್ಕೆಂಥ ರಾಹುಕಾಲಮ್ಮ?"

ಅಷ್ಟರಲ್ಲಿ ಊಟಕ್ಕೆ ಬಂದ ಗಂಡ ಮುರಳೀಕೃಷ್ಣ ಬಾಗಿಲಲ್ಲೇ ಬೆವರಿದ. "ಬೇಡಿ ಸಾರ್! ಅಪ್ಪನ ನೆನಪಿಗೆ ಯಾರಾದ್ರೂ ಬರೆ ಹಾಕ್ತಾರಾ?"

ಪಾಪ, ಅಪ್ಪನ ಮೇಲೆ ಎಷ್ಟು ಪ್ರೀತಿ ಎಂದುಕೊಂಡ ಕೋಮಲವಲ್ಲಿಗೆ ಅಳುವೇ ಬಂತು.

"ಸುಮ್ನಿರೋ ನೀನು. ಚುಚ್ಚಿ ಮೇಷ್ಟ್ರೇ," ಎಂದರು ಅತ್ತೆ.

ಮೇಷ್ಟ್ರು ಕಾದ ದಬ್ಬಳವನ್ನು ಪೀಠದ ಅಡಿಗೆ ಒತ್ತಿದರು. ಕೋಮಲವಲ್ಲಿ ಕಣ್ಣು ಮುಚ್ಚಿದಳು. ಕರಗಲಿಲ್ಲ. ವಾಸನೆಯೂ ಬರಲಿಲ್ಲ. ಮೇಷ್ಟ್ರು ಉಗುರಿನಿಂದ ಕೆರೆದರೆ ಬಿಳಿ ಪುಡಿ ಉದುರಿತು.

"ಅಪ್ಪಟ ಬಳಪದ ಕಲ್ಲು!"

ತಾನೇ ತಂದ ಪ್ಲಾಸ್ಟಿಕ್ ಕಲ್ಲಾದದ್ದು ಹೇಗೆ? ಕಲ್ಲಾಗಲು ಅಹಲ್ಯೆಗೂ ಒಂದು ಶಾಪ ಬೇಕಾಗಿತ್ತು. ಬೆರಗಾಗಿ ನಿಂತವಳ ಪಕ್ಕದಲ್ಲಿ ಗಂಡ ಮುಖ ಒರೆಸಿಕೊಳ್ಳುತ್ತ ಗೊಣಗಿದ್ದು ಅವಳೊಬ್ಬಳಿಗೇ ಕೇಳಿಸಿತು: "ಸದ್ಯ, ಅಂಗಡಿಯವನು ಮೋಸ ಮಾಡಿಲ್ಲ."

ಹಾಗಾದರೆ ಅವಳ ಪ್ಲಾಸ್ಟಿಕ್ ಬಾಲಿಕೆಯನ್ನು ಇವನೂ ಒಡೆದಿದ್ದ! ತುಂಡುಗಳನ್ನು ಸರಿಯಾಗಿ ನೋಡದೆಯೇ ಅಪ್ಪನದೇ ಎಂದು ನಂಬಿ, ಹೆದರಿ, ಕಲ್ಲಿನದನ್ನೇ ಹುಡುಕಿ ತಂದಿಟ್ಟಿದ್ದ. ಯಾವಾಗ ಎಂದು ಕೇಳುವಂತೆಯೂ ಇರಲಿಲ್ಲ. ಕೇಳಿದರೆ ತನ್ನದೂ ಹೊರಬೀಳುತ್ತಿತ್ತು.

"ಕೋಮಲ," ಅತ್ತೆ ಬೀಗಿದರು, "ಇನ್ಮೇಲೆ ಶುಕ್ರವಾರ ಶುಕ್ರವಾರ ಇದನ್ನ ಇಳಿಸಿ ತೊಳೆದಿಡು. ಅಸಲಿ ಕಣೇ, ಒಡೆದ್ರೆ ಮತ್ತೆ ಸಿಗಲ್ಲ."

"ಆಗ್ಲಿ ಅತ್ತೆ."

ಗಂಡನಿಗೆ ಅನ್ನದ ಮೇಲೆ ಎಂದಿಗಿಂತ ಒಂದು ಮಿಳ್ಳೆ ತುಪ್ಪ ಹೆಚ್ಚಾಗಿ ಬಡಿಸಿದಳು.

"ಏನೇ ನಗ್ತಿದ್ದೀಯ?" ಎಂದ ಅವನು.

"ಏನಿಲ್ಲ, ಊಟ ಮಾಡ್ರೀ."

ಗುರುವಾರದೊಳಗೆ ಹಳೇಬೀಡಿನ ಆ ಅಂಗಡಿಗೆ ಹೋಗಿ ಇನ್ನೊಂದು ಪ್ಲಾಸ್ಟಿಕ್ ಬಾಲಿಕೆ ತರಬೇಕು, ಕಲ್ಲಿನದನ್ನು ಹಳೇ ಸೀರೆಯಲ್ಲಿ ಸುತ್ತಿ ಟ್ರಂಕಿನ ತಳಕ್ಕೆ ಸೇರಿಸಬೇಕು ಎಂದು ಸಾರು ಬಡಿಸುತ್ತ ಅಂದುಕೊಂಡಳು.