ಕೂತಲ್ಲಿಂದಲೇ ಮನೆಗೆ

ಎಲ್ಲ ರಾಮಾಯಣಕ್ಕೂ ಕಾರಣ ಕೆಂಪುಪೆನ್ನು ಮನೆಯಲ್ಲಿ ಮರೆತು ಬಂದ ಪೆನ್‌ಡ್ರೈವು.

ಪುಸ್ತಕ ಪ್ರಕಾಶನದ ಆ ಕಚೇರಿಯಲ್ಲಿ ಅವನು ಪ್ರೂಫ್ ತಿದ್ದುವವನು. ಯಾರಾದರೂ ಮದುವೆಯ ಆಮಂತ್ರಣ ಕೊಟ್ಟರೂ ತಪ್ಪುಗಳಿಗೆ ಗೀಟು ಎಳೆದು ವಾಪಸು ಕೊಡುವ ಆಸಾಮಿ. ಹಾಗಾಗಿ ಅವನಿಗೆ ಕೆಂಪುಪೆನ್ನು ಎಂಬ ಅಡ್ಡಹೆಸರು ಗಟ್ಟಿಯಾಗಿತ್ತು. ಭಾನುವಾರವಿಡೀ ಕೂತು ತಿದ್ದಿದ್ದ ಶಾಲಾ ಭೂಗೋಳದ ಮುನ್ನೂರು ಪುಟ, ಸಿಕ್ಕಿಸಿದ್ದ ಪೆನ್‌ಡ್ರೈವಿನ ಸಮೇತ, ಮನೆಯ ಕಂಪ್ಯೂಟರಿನಲ್ಲೇ ಉಳಿದುಬಿಟ್ಟಿತ್ತು. ಸಂಜೆ ಐದಕ್ಕೆ ಅದು ಮುದ್ರಣಕ್ಕೆ ಹೋಗಬೇಕು.

"ಹೋಗಿ ತಗೊಂಡ್ ಬನ್ನಿ. ನಿಮ್ಮ ಲೆಕ್ಕಕ್ಕೆ ಅರ್ಧ ದಿನ ರಜೆ ಹಾಕ್ಕೊಳ್ತೀನಿ," ಎಂದರು ಮ್ಯಾನೇಜರು, ಗಾಜಿನ ಕೋಣೆಯಿಂದ ತಲೆಯಷ್ಟೇ ಹೊರಹಾಕಿ.

ಮನೆ ಇಪ್ಪತ್ತು ನಿಮಿಷದ ದಾರಿ. ಸುಮ್ಮನೆ ಹೋಗಿಬಂದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ರಜೆ ಎಂಬ ಮಾತು ಕಿವಿಗೆ ಬಿದ್ದಿದ್ದೇ ಅವನ ಮೈ ಉರಿದುಹೋಯಿತು. ಅಮ್ಮ ಮೆಟ್ಟಿಲಲ್ಲಿ ಜಾರಿ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮೂರು ವಾರವಾಗಿತ್ತು. ವಾರಕ್ಕೆರಡು ದಿನ ಮನೆಯಿಂದಲೇ ಕೆಲಸ ಮಾಡುತ್ತೇನೆ ಎಂದು ಅವನು ಮೂರು ಸಲ ಅರ್ಜಿ ಕೊಟ್ಟಿದ್ದ. ಮೂರು ಸಲವೂ ಮ್ಯಾನೇಜರು, "ಮನೇಲಿ ಕೂತವರು ಕೆಲಸ ಮಾಡ್ತಾರೆ ಅಂತ ಏನ್ರೀ ಗ್ಯಾರಂಟಿ?" ಎಂದು ಹಿಂದಕ್ಕೆ ತಳ್ಳಿದ್ದರು.

"ನಾನು ಹೋಗಲ್ಲ ಸಾರ್," ಎಂದ ಕೆಂಪುಪೆನ್ನು. "ಇಲ್ಲೇ ಕೂತು ಮನೆ ಕಂಪ್ಯೂಟರ್ ತೆಗೀತೀನಿ. ಇಲ್ಲಿಂದ ಅದನ್ನ ತೆಗೆಯೋಕಾಗುತ್ತೆ ಅಂದ್ರೆ, ಅಲ್ಲಿಂದ ಇಲ್ಲಿ ಕೆಲಸಾನೂ ಮಾಡೋಕಾಗುತ್ತೆ. ತೋರಿಸಿದ್ರೆ ವಾರಕ್ಕೆ ಎರಡು ದಿನ ಕೊಡ್ತೀರಾ?"

"ಐದು ಗಂಟೆ ಒಳಗೆ ತೋರಿಸಿ, ಕೊಡ್ತೀನಿ. ಇಲ್ಲಾಂದ್ರೆ ಈ ಮಾತು ಮತ್ತೆ ಎತ್ತೋ ಹಾಗಿಲ್ಲ."

"ಆಗಲಿ ಸಾರ್!" ಎಂದು ಇವನು ಸೆಡ್ಡು ಹೊಡೆದೇಬಿಟ್ಟ.

ಅವನ ಧೈರ್ಯಕ್ಕೆ ಕಾರಣವಿತ್ತು. ಮನೆಯ ಕಂಪ್ಯೂಟರಿಗೆ, ಇನ್ನೊಂದು ಕಂಪ್ಯೂಟರಿನಿಂದಲೇ ಅದರ ಪರದೆ ನೋಡಿ ನಡೆಸುವ ರಿಮೋಟ್ ಡೆಸ್ಕ್‌ಟಾಪ್ ಹಾಕಿಕೊಂಡಿದ್ದ. ನಡುಮನೆಯ ಮಂಚದ ಮೇಲೆ ಬಿದ್ದುಕೊಂಡು, ಒಳಕೋಣೆಯ ಕಂಪ್ಯೂಟರನ್ನು ಲ್ಯಾಪ್‌ಟಾಪಿನಿಂದ ತೆರೆದು ನೋಡಿಯೂ ಇದ್ದ. ಏಳರಲ್ಲಿ ಮುಗಿಯುವ ಅದರ ಉದ್ದನೆಯ ನಂಬರು ಚೀಟಿಯಲ್ಲಿ ಬರೆದು ಜೇಬಿನಲ್ಲಿತ್ತು. ಕಚೇರಿಯ ಕಂಪ್ಯೂಟರುಗಳಿಗೂ ಅದನ್ನೇ ಹಾಕಿಕೊಟ್ಟವನು ಅವನೇ. ಪ್ರಿಂಟ್ ಎಲ್ಲಿ ಒತ್ತಬೇಕು ಎಂದು ಮ್ಯಾನೇಜರು ಕರೆದಾಗಲೆಲ್ಲ ಎದ್ದು ಹೋಗುವುದು ತಪ್ಪಲಿ ಎಂದು. ಮರೆತುಹೋಗದಿರಲಿ ಎಂದು ಎಲ್ಲಕ್ಕೂ ಮನೆಯ ಪಾಸ್‌ವರ್ಡನ್ನೇ ಇಟ್ಟಿದ್ದ.

ಕಚೇರಿಯ ವೈಫೈ ಸ್ವಂತ ಕೆಲಸಕ್ಕಲ್ಲ ಎಂಬ ಬೋರ್ಡು ಗೋಡೆಯ ಮೇಲಿತ್ತು. ನಿಯಮ ಮುರಿದ ಅನ್ನಿಸಿಕೊಳ್ಳಬಾರದೆಂದು ಲ್ಯಾಪ್‌ಟಾಪಿಗೆ ತನ್ನ ಮೊಬೈಲಿನ ಇಂಟರ್ನೆಟ್ಟು ಕೊಟ್ಟುಕೊಂಡು ನಂಬರು ಒತ್ತಿದ. ಚಕ್ರ ತಿರುಗಿತು, ತಿರುಗಿತು, ಕೊನೆಗೆ 'ಸಂಪರ್ಕ ಸಾಧ್ಯವಾಗಲಿಲ್ಲ' ಎಂದಿತು. ಅಮ್ಮನಿಗೆ ಫೋನು ಹಚ್ಚಿದ.

"ಅಮ್ಮಾ, ಕಂಪ್ಯೂಟರ್ ಪಕ್ಕದ ಇಂಟರ್ನೆಟ್ ಡಬ್ಬಿ ಒಂದ್ಸಲ ಆಫ್ ಮಾಡಿ ಆನ್ ಮಾಡು."

"ಕುಂಟ್ಕೊಂಡು ಹೋಗ್ಬೇಕಲ್ಲೋ."

"ಒಂದೇ ಒಂದ್ಸಲ."

ಆಫ್ ಮಾಡಿದರೂ ಇಲ್ಲ, ಆನ್ ಮಾಡಿದರೂ ಇಲ್ಲ. ಅಷ್ಟರಲ್ಲಿ ಪಾರ್ಸಲ್ ಮಾಮ ಮೂಗು ತೂರಿಸಿದರು. ಪುಸ್ತಕದ ಕಟ್ಟು ಕಟ್ಟುವುದು ಅವರ ಕೆಲಸ. ಅವರ ಅಳಿಯ ಕಂಪ್ಯೂಟರ್ ರಿಪೇರಿಯವನಾದ್ದರಿಂದ, ಅರ್ಧ ವಿದ್ಯೆ ಮಾವನಿಗೂ ಬಂದಂತೆಯೇ ಎಂದು ಅವರ ನಂಬಿಕೆ.

"ಅದೇನೋ ಫೈರ್‌ವಾಲ್ ಅಂತ ಗೋಡೆ ಅಡ್ಡ ಇರುತ್ತಂತೆ ಕಣಯ್ಯ. ಅದ್ರಲ್ಲಿ ಕಿಂಡಿ ತೆಗೀಬೇಕು ಅಂತಿದ್ದ ಅಳಿಯ."

ಫೋನಿನ ಆ ಕಡೆಯಿಂದ ಅಮ್ಮ ಚೀರಿದರು: "ಗೋಡೆ ಒಡೆಯೋಕೆ ನಾನೇ ಬೇಕಾಗಿತ್ತೇನೋ? ಕಾಲು ಮುರಿದಿದ್ದು ಸಾಲದಾ?"

ಮುಖಪುಟ ಬಿಡಿಸುವ ಅಕ್ಕ ತನ್ನ ದೊಡ್ಡ ಪರದೆಯ ಹಿಂದಿನಿಂದ ಇಣುಕಿದಳು. "ಸ್ಕೂಟರ್ ಕೀ ಇಲ್ಲಿದೆ. ನಾನೇ ಹೋಗಿ ತಂದ್ಕೊಡ್ಲಾ?"

"ಅಕ್ಕಾ, ಯಾರೂ ಹೋಗೋ ಹಾಗಿಲ್ಲ! ಇದು ಪೆನ್‌ಡ್ರೈವ್ ಪ್ರಶ್ನೆ ಅಲ್ಲ!"

ಮಧ್ಯಾಹ್ನ ಊಟವನ್ನೂ ಮಾಡಲಿಲ್ಲ. ಅಮ್ಮ ಹನ್ನೊಂದು ಸಲ ಡಬ್ಬಿಯ ತನಕ ಕುಂಟಿದರು. ಕೊನೆಗೆ, "ಇನ್ನು ಜಪ್ಪಯ್ಯ ಅಂದ್ರೂ ಮಂಚ ಬಿಟ್ಟು ಏಳಲ್ಲ," ಎಂದು ಫೋನು ಇಟ್ಟರು. ಅಮ್ಮನ ಕಾಲಿಗೆಂದು ಶುರುಮಾಡಿದ ಹೋರಾಟದಲ್ಲಿ ಅಮ್ಮನ ಕಾಲೇ ಸವೆಯುತ್ತಿದೆಯಲ್ಲ ಎಂದು ಅವನಿಗೆ ಸಂಕಟವಾಯಿತು. ಆದರೂ ಕುರ್ಚಿ ಬಿಟ್ಟು ಏಳಲಿಲ್ಲ.

ನಾಲ್ಕೂ ನಲವತ್ತಕ್ಕೆ ಮೊಬೈಲಿನ ಡೇಟಾ ಮುಗಿದುಹೋಯಿತು.

"ಆಫೀಸ್ ವೈಫೈ ಹಾಕ್ಕೊ. ಬೋರ್ಡು ಇದ್ರೆ ಇರ್ಲಿ," ಎಂದಳು ಅಕ್ಕ.

ಹಾಕಿಕೊಂಡ. ಅದೇ ಚೀಟಿ, ಅದೇ ನಂಬರು, ಅದೇ ಪಾಸ್‌ವರ್ಡು. ಚಕ್ರ ಅರ್ಧ ಸುತ್ತು ತಿರುಗಿದ್ದೇ ತಡ, ಪಟಕ್ಕನೆ ತೆರೆದುಕೊಂಡಿತು!

"ಬಂತು! ಮನೆ ಬಂತು! ಎಲ್ಲಾರೂ ಬನ್ನಿ!"

ಲ್ಯಾಪ್‌ಟಾಪಿನ ವೈರನ್ನು ಅಕ್ಕನ ದೊಡ್ಡ ಪರದೆಗೆ ಸಿಕ್ಕಿಸಿದ. ಇಡೀ ಕಚೇರಿ ನೆರೆಯಿತು. "ಸಾರ್, ನೀವೂ ಬನ್ನಿ!" ಎಂದು ಕೂಗಿದ್ದಕ್ಕೆ, ಕರ್ಟನ್ ಎಳೆದಿದ್ದ ಗಾಜಿನ ಕೋಣೆಯೊಳಗಿಂದ, "ಅರ್ಜೆಂಟ್ ಕೆಲಸದಲ್ಲಿದೀನಿ, ಐದು ನಿಮಿಷ!" ಎಂಬ ಉತ್ತರ ಬಂತು.

ಪರದೆಯ ತುಂಬ ಇಸ್ಪೀಟಿನ ಎಲೆಗಳು. ಎಲ್ಲರೂ ನೋಡುತ್ತಿದ್ದಂತೆಯೇ ಕೆಂಪು ಒಂಬತ್ತರ ಎಲೆಯೊಂದು ತಾನಾಗಿಯೇ ಎದ್ದು, ಓಡಾಡಿ, ಕಪ್ಪು ಹತ್ತರ ಮೇಲೆ ಕೂತಿತು.

"ನಿಮ್ಮಮ್ಮ ಇಸ್ಪೀಟ್ ಆಡ್ತಾರಾ?" ಎಂದರು ಮಾಮ.

ಕೆಂಪುಪೆನ್ನು ಫೋನು ಮಾಡಿ ಸ್ಪೀಕರಿಗೆ ಹಾಕಿದ. "ಅಮ್ಮಾ, ಎಲ್ಲಿದೀಯ?"

"ಮಂಚದ ಮೇಲೆ. ಏಳಲ್ಲ ಅಂದ್ನಲ್ಲ."

"ಒಳಕೋಣೇಲಿ ಯಾರೋ ಇದಾನೆ! ಕೂತು ಇಸ್ಪೀಟ್ ಆಡ್ತಿದಾನೆ!"

ಮಂಚ ಬಿಡೆನೆಂದಿದ್ದ ಅಮ್ಮ ಒಂದೇ ಕಾಲಲ್ಲಿ ಹಾರಿದ ಸದ್ದು, ಆಮೇಲೆ ಚಿಲಕ ಬಿದ್ದ ಸದ್ದು ಕೇಳಿಸಿತು. "ಹೊರಗಿಂದ ಚಿಲಕ ಹಾಕಿದೀನಿ. ಅದ್ಹೇಗೆ ಬರ್ತಾನೋ ನೋಡೇಬಿಡ್ತೀನಿ!"

ಕೆಂಪುಪೆನ್ನಿಗೂ ರೋಷ ಉಕ್ಕಿತು. ಸಂದೇಶದ ಚೌಕ ತೆರೆದು ಕುಟ್ಟಿದ: 'ಯಾವನೋ ನೀನು? ಎದ್ದೇಳೋ ಕಳ್ಳ!'

ಎಲೆಗಳ ಓಡಾಟ ಗಕ್ಕನೆ ನಿಂತಿತು. ಸ್ವಲ್ಪ ಹೊತ್ತಿಗೆ ಉತ್ತರ ಒಂದೊಂದೇ ಅಕ್ಷರವಾಗಿ ಮೂಡಿತು: 'ನೀನ್ಯಾರೋ ಕೇಳೋಕೆ? ಹದಿನಾರು ವರ್ಷದಿಂದ ಇದು ನನ್ನ ಕುರ್ಚಿ.'

"ಏನು ಭಂಡತನ!" ಎಂದಳು ಅಕ್ಕ.

'ಬಾಗಿಲಿಗೆ ಹೊರಗಿಂದ ಚಿಲಕ ಹಾಕಿ ಆಯ್ತು. ಇನ್ನು ಅಲ್ಲೇ ಬಿದ್ದಿರು!' ಎಂದು ಕೆಂಪುಪೆನ್ನು ಮತ್ತೆ ಕುಟ್ಟಿದ.

ಗಾಜಿನ ಕೋಣೆಯಲ್ಲಿ ಕುರ್ಚಿ ಉರುಳಿತು. ಬಾಗಿಲು ದಡಾರನೆ ತೆರೆದು ಮ್ಯಾನೇಜರು ಹೊರಗೆ ಧುಮುಕಿದರು. "ಯಾರ್ರೀ ನನ್ ಬಾಗಿಲಿಗೆ ಚಿಲಕ ಹಾಕಿದ್ದು?"

ಎಲ್ಲರೂ ಒಮ್ಮೆ ಅವರನ್ನೂ ಒಮ್ಮೆ ದೊಡ್ಡ ಪರದೆಯನ್ನೂ ನೋಡಿದರು. ಮಾಮ ಮೂಲೆಗೆ ಹೋಗಿ ಅಳಿಯನಿಗೆ ಫೋನು ಮಾಡಿ ಬಂದರು.

"ನಿನ್ನ ಚೀಟೀಲಿರೋದು ಮನೆಯೊಳಗೆ ಮಾತ್ರ ನಡೆಯೋ ನಂಬರಂತೆ. 'ಅಮ್ಮಾ' ಅಂತ ಕೂಗಿದ ಹಾಗೆ ಕಣಯ್ಯ. ಯಾವ ಮನೇಲಿ ನಿಂತು ಕೂಗ್ತೀಯೋ ಆ ಮನೆ ಅಮ್ಮ ಓ ಅಂತಾಳೆ. ಅದೇ ನಂಬರು ಇಲ್ಲಿ ಸಾರ್ ಕಂಪ್ಯೂಟರಿಗೂ ಇದೆಯಂತೆ. ಇಲ್ಲಿ ಕೂಗಿದೆ, ಇವರು ಓ ಅಂದ್ರು."

ಕೆಂಪುಪೆನ್ನು ಎದೆ ಸೆಟೆಸಿ ನಿಂತ. ಸೋತೆ ಎಂದು ಅವನಿಗೆ ಅನ್ನಿಸಲೇ ಇಲ್ಲ. ಇಷ್ಟು ಜನ ಸಾಕ್ಷಿಗಳಿದ್ದಾರಲ್ಲ! "ಸಾರ್, ಅರ್ಜೆಂಟ್ ಕೆಲಸ ಏನು ಅಂತ ಎಲ್ಲಾರೂ ನೋಡಿದ್ರು. ಈಗಲಾದ್ರೂ ಆ ಎರಡು ದಿನ..."

ಮ್ಯಾನೇಜರ ಮುಖ ಕೆಂಪಾಗಿ, ಬೆಳ್ಳಗಾಗಿ, ಮೆಲ್ಲಗೆ ತನ್ನ ಬಣ್ಣಕ್ಕೆ ಮರಳಿತು.

"ನೋಡಿದ್ರಲ್ಲ? ಒಳ್ಳೇದಾಯ್ತು," ಎಂದರು. "ಹೊರಗೆ ಇಷ್ಟು ಜನ ಕೂತಿರುವಾಗ, ಆಫೀಸಲ್ಲಿ, ಮ್ಯಾನೇಜರ್ ಆಗಿರೋ ನಾನೇ ಹೀಗೆ ಮಾಡ್ತೀನಿ. ಇನ್ನು ಯಾರೂ ನೋಡೋರಿಲ್ಲದ ಮನೇಲಿ ಕೂತವನು ಏನು ಮಾಡ್ತಾನೆ, ನೀವೇ ಹೇಳಿ! ಎರಡು ದಿನ ಅಲ್ಲ, ಎರಡು ಗಂಟೇನೂ ಕೊಡಲ್ಲ. ಮುದ್ರಣದವರು ಆರೂವರೆ ತನಕ ಕಾಯ್ತಾರೆ. ಹೋಗಿ ಪೆನ್‌ಡ್ರೈವ್ ತನ್ನಿ. ಅರ್ಧ ದಿನ ರಜೆ."

ಸ್ಪೀಕರಿನಲ್ಲಿದ್ದ ಫೋನು ಇನ್ನೂ ಬಂದ್ ಆಗಿರಲಿಲ್ಲ. ಅಮ್ಮ ಪಿಸುಗುಟ್ಟಿದರು: "ಮಗಾ, ಒಳಗೆ ಸದ್ದೇ ಇಲ್ವಲ್ಲೋ. ಕಳ್ಳ ಇನ್ನೂ ಇದಾನಾ?"

ಕೆಂಪುಪೆನ್ನು ಮ್ಯಾನೇಜರ ಕಣ್ಣಲ್ಲಿ ಕಣ್ಣಿಟ್ಟು, ಕಾಲಲ್ಲಿ ಚಪ್ಪಲಿ ತಡಕಾಡುತ್ತ, ಎಲ್ಲರಿಗೂ ಕೇಳುವಂತೆ ಹೇಳಿದ:

"ಇಲ್ಲಮ್ಮ, ಹೊರಗೆ ಬಂದು ನನ್ನೆದುರಿಗೇ ನಿಂತಿದಾನೆ. ನೀನು ಚಿಲಕ ತೆಗಿ, ನಾನು ಬರ್ತಿದೀನಿ."